ಇ-ಅಂಚೆಯ ಲಗತ್ತುಗಳು ಮತ್ತು ಕಂಪ್ಯೂಟರ್ ವೈರಸ್

ಅಂಚೆಯಲ್ಲಿ ಬಂದ ಲಕೋಟೆಯನ್ನು ಒಡೆಯುವ ಮುನ್ನ ಅದರ ಮೇಲಿನ ಕೈಬರಹವನ್ನೂ ಅಂಚೆ ಮುದ್ರೆಯನ್ನೂ ನೋಡುವುದು ಹಿಂದಿನಿಂದ ಬಂದ ರೂಢಿ. ಇ-ಅಂಚೆಯಲ್ಲಿ ಕೈಬರಹವಿಲ್ಲ, ಕಳುಹಿಸಿದವರೆಂದು ಕಾಣುವ ಹೆಸರನ್ನು ನಕಲು ಮಾಡುವುದೂ ಕಷ್ಟವಲ್ಲ. ಆದುದರಿಂದ ಪತ್ರದೊಂದಿಗೆ ಬರುವ ಲಗತ್ತನ್ನು ತೆರೆಯುವ ಮುನ್ನ ಹೆಚ್ಚಿನ ಎಚ್ಚರಿಕೆ ಅಗತ್ಯ.

ವೈರಸ್ ಎಂದರೇನು?

ಕಂಪ್ಯೂಟರ್ ವೈರಸ್ ಎಂಬುದು ರೋಗಾಣುವಲ್ಲ. ಮನುಷ್ಯನೇ ಬರೆದ ಒಂದು ಪ್ರೋಗ್ರಾಂ. ಅದು ಬೇರೊಂದು ಫೈಲಿನಲ್ಲಿ ಸೇರಿಕೊಂಡು ತನ್ನ ಪ್ರತಿಗಳನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಬೇರೆ ಫೈಲಿನ ಆಶ್ರಯವಿಲ್ಲದೆ ಜಾಲದ ಮೂಲಕ ಹರಡುವಂಥದನ್ನು ತಜ್ಞರು ‘ವರ್ಮ್’, ಅಂದರೆ ಹುಳು, ಎಂದು ಕರೆಯುತ್ತಾರೆ. ಜನಬಳಕೆಯಲ್ಲಿ ಎರಡಕ್ಕೂ ವೈರಸ್ ಎಂಬ ಹೆಸರೇ ಇದೆ. ಲಗತ್ತಿನಲ್ಲಿರುವ ವೈರಸ್ ಸಾಮಾನ್ಯವಾಗಿ ತಾನಾಗಿಯೇ ಎಚ್ಚರಗೊಳ್ಳುವುದಿಲ್ಲ. ಪತ್ರ ಪಡೆದವರು ಲಗತ್ತನ್ನು ತೆರೆದಾಗಲೇ ಅದು ಕೆಲಸ ಆರಂಭಿಸುತ್ತದೆ. ಇದರಿಂದಾಗಿಯೇ ರಕ್ಷಣೆಯ ಮೊದಲ ಬೀಗದ ಕೈ ಬಳಕೆದಾರರ ಬಳಿಯಲ್ಲೇ ಇದೆ.

ಎರಡು ಪಾಠಗಳು

1999ರ ಮಾರ್ಚ್ 26ರಂದು ‘ಮೆಲಿಸ್ಸಾ’ ಎಂಬ ವೈರಸ್ ಕಾಣಿಸಿಕೊಂಡಿತು. ಅದು ಅಡಗಿದ್ದುದು ವರ್ಡ್ ದಾಖಲೆಯೊಳಗಿನ ಮ್ಯಾಕ್ರೊ ಎಂಬ ಆದೇಶಗಳ ಸರಣಿಯಲ್ಲಿ. ದಾಖಲೆಯನ್ನು ತೆರೆದೊಡನೆ ಅದು ಬಳಕೆದಾರರ ವಿಳಾಸ ಪುಸ್ತಕದ ಮೊದಲ 50 ವಿಳಾಸಗಳಿಗೆ ಅವರದೇ ಹೆಸರಿನಲ್ಲಿ ಪತ್ರ ಕಳುಹಿಸುತ್ತಿತ್ತು.

2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯು’ ಇನ್ನೂ ವೇಗವಾಗಿ ಹರಡಿತು. ಪ್ರೇಮಪತ್ರವೆಂದು ಹೇಳಿಕೊಂಡ ಲಗತ್ತಿನ ಹೆಸರಿನ ಕೊನೆಯಲ್ಲಿ ‘ಟಿಎಕ್ಸ್‌ಟಿ’ ಮತ್ತು ‘ವಿಬಿಎಸ್’ ಎಂಬ ಎರಡು ಬಾಲಗಳಿದ್ದವು. ವಿಂಡೋಸ್ ಸಾಮಾನ್ಯವಾಗಿ ಕೊನೆಯ ಬಾಲವನ್ನು ಮರೆಮಾಡುತ್ತಿದ್ದುದರಿಂದ ಅನೇಕರಿಗೆ ಅದು ಬರಿಯ ಅಕ್ಷರಗಳ ಫೈಲಾಗಿ ಕಂಡಿತು. ವಾಸ್ತವವಾಗಿ ಅದು ಚಾಲನೆಗೊಳ್ಳುವ ಪ್ರೋಗ್ರಾಂ ಆಗಿದ್ದಿತು. ಅದು ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ತನ್ನನ್ನು ಕಳುಹಿಸಿಕೊಂಡಿತಲ್ಲದೆ, ಚಿತ್ರಗಳ ಫೈಲುಗಳ ಜಾಗದಲ್ಲಿ ತನ್ನ ಪ್ರತಿಯನ್ನು ಬರೆದಿಟ್ಟಿತು. ಬೇರೆಡೆ ಪ್ರತಿ ಇರಿಸಿಕೊಳ್ಳದವರ ಭಾವಚಿತ್ರಗಳು ಕೈತಪ್ಪಿದವು. ಬ್ರಿಟಿಷ್ ಸಂಸತ್ತು ಕೂಡ ತನ್ನ ಇ-ಅಂಚೆ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ಈ ಎರಡೂ ಪ್ರಸಂಗಗಳಲ್ಲಿ ಪತ್ರ ಬಂದುದು ಅಪರಿಚಿತರಿಂದಲ್ಲ, ಪರಿಚಿತರಿಂದ. ‘ಗೊತ್ತಿದ್ದವರು ಕಳುಹಿಸಿದ್ದಾರೆ’ ಎಂಬ ನಂಬಿಕೆಯೇ ವೈರಸ್ಸಿನ ವಾಹನವಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಇಂದಿನ ಅಪಾಯ

ಇಂದಿನ ದುಷ್ಟ ತಂತ್ರಾಂಶಗಳ ಗುರಿ ಬಹುಮಟ್ಟಿಗೆ ಹಣ. ಕೆಲವು ಪಾಸ್‌ವರ್ಡ್‌ಗಳನ್ನು ಕದಿಯುತ್ತವೆ. ‘ರ‍್ಯಾನ್ಸಮ್‌ವೇರ್’ ಎಂಬ ಬಗೆಯವು ಫೈಲುಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸಲು ಒತ್ತೆಹಣ ಕೇಳುತ್ತವೆ. ಹಣ ತೆತ್ತರೂ ಫೈಲುಗಳು ಮರಳುವ ಭರವಸೆಯಿಲ್ಲ. ಸಣ್ಣ ಅಂಗಡಿಯ ಬಾಕಿ ಲೆಕ್ಕ, ವಿದ್ಯಾರ್ಥಿಯ ಪ್ರಬಂಧ, ಮನೆಯ ಹಿರಿಯರ ಚಿತ್ರಗಳು, ಇವುಗಳಲ್ಲಿ ಯಾವುದನ್ನೂ ವೈರಸ್ ಬೇರೆಯಾಗಿ ಎಣಿಸುವುದಿಲ್ಲ. ಬಿಲ್ಲು, ಉದ್ಯೋಗಾವಕಾಶ, ತೆರಿಗೆ ಮರುಪಾವತಿ, ಕೊರಿಯರ್ ರಶೀದಿ ಮೊದಲಾದ ಹೆಸರುಗಳಲ್ಲಿ ಇಂತಹ ಲಗತ್ತುಗಳು ಬರುತ್ತವೆ.

ವಹಿಸಬೇಕಾದ ಎಚ್ಚರಿಕೆಗಳು

1. ನಿರೀಕ್ಷಿಸದ ಲಗತ್ತು ಬಂದರೆ, ಅದು ಪರಿಚಿತರದೇ ಆಗಿದ್ದರೂ, ತೆರೆಯುವ ಮುನ್ನ ದೂರವಾಣಿಯಲ್ಲಿ ವಿಚಾರಿಸಬೇಕು. ಅದೇ ಪತ್ರಕ್ಕೆ ಉತ್ತರ ಬರೆದು ಕೇಳಿದರೆ ಸಾಲದು; ವಂಚಕನೇ ಉತ್ತರಿಸಬಹುದು.

2. ಕಳುಹಿಸಿದವರ ಹೆಸರನ್ನಷ್ಟೇ ಅಲ್ಲದೆ ಪೂರ್ಣ ಇ-ಅಂಚೆ ವಿಳಾಸವನ್ನೂ ಓದಬೇಕು.

3. ಫೈಲುಗಳ ಹೆಸರು ಪೂರ್ಣವಾಗಿ ಕಾಣುವಂತೆ ವಿಂಡೋಸ್‌ನಲ್ಲಿ ವ್ಯವಸ್ಥೆ ಮಾಡಿಕೊಳ್ಳಬೇಕು. ಹೆಸರಿನ ಕೊನೆಯ ಬಾಲವೇ ಫೈಲಿನ ಬಗೆಯನ್ನು ತಿಳಿಸುತ್ತದೆ. ‘ಇಎಕ್ಸ್‌ಇ’, ‘ಎಸ್‌ಸಿಆರ್’, ‘ವಿಬಿಎಸ್’, ‘ಜೆಎಸ್’ ಎಂದು ಕೊನೆಗೊಳ್ಳುವ ಲಗತ್ತುಗಳನ್ನು ತೆರೆಯಬಾರದು.

4. ದಾಖಲೆಯೊಂದು ಮ್ಯಾಕ್ರೊಗಳಿಗೆ ಅನುಮತಿ ಕೇಳಿದರೆ ನಿರಾಕರಿಸಬೇಕು. ಅಂತರಜಾಲದಿಂದ ಬಂದ ದಾಖಲೆಗಳ ಮ್ಯಾಕ್ರೊಗಳನ್ನು ತಾನಾಗಿಯೇ ತಡೆಯುವ ಏರ್ಪಾಟನ್ನು ಮೈಕ್ರೋಸಾಫ್ಟ್ 2022ರಲ್ಲಿ ಜಾರಿಗೆ ತಂದಿದೆ. ಈ ತಡೆಯನ್ನು ತೆಗೆಯುವಂತೆ ಪತ್ರವೇ ಹೇಳಿದರೆ ಅದು ವಂಚನೆಯ ಲಕ್ಷಣ.

5. ಗುಪ್ತಪದ ಹಾಕಿದ ಜಿಪ್ ಫೈಲಿನ ಬಗ್ಗೆ ಜಾಗರೂಕರಾಗಿರಬೇಕು. ಅದರ ಒಳಗನ್ನು ವೈರಸ್ ನಿರೋಧಕ ತಂತ್ರಾಂಶವು ಪರೀಕ್ಷಿಸಲಾರದು.

6. ವೈರಸ್ ನಿರೋಧಕವನ್ನೂ ಕಂಪ್ಯೂಟರಿನ ಇತರ ತಂತ್ರಾಂಶಗಳನ್ನೂ ಆಗಾಗ್ಗೆ ನವೀಕರಿಸಬೇಕು.

7. ಮುಖ್ಯ ಫೈಲುಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇರಿಸಿ, ಕೆಲಸ ಮುಗಿದೊಡನೆ ಅದನ್ನು ಕಂಪ್ಯೂಟರಿನಿಂದ ಬೇರ್ಪಡಿಸಬೇಕು. ಜೋಡಿಸಿಯೇ ಬಿಟ್ಟ ಡಿಸ್ಕಿಗೂ ವೈರಸ್ ತಗಲುತ್ತದೆ.

ತೆರೆದುಬಿಟ್ಟರೆ?

ಗಾಬರಿಗೊಳ್ಳದೆ ಮೊದಲು ಅಂತರಜಾಲದ ಸಂಪರ್ಕವನ್ನು ಕಡಿಯಬೇಕು. ಪ್ರತಿಗಳಿರುವ ಡಿಸ್ಕನ್ನು ಆ ಕಂಪ್ಯೂಟರಿಗೆ ಜೋಡಿಸಬಾರದು. ವೈರಸ್ ನಿರೋಧಕದಿಂದ ಪೂರ್ಣ ತಪಾಸಣೆ ನಡೆಸಿ, ಬೇರೊಂದು ಸುರಕ್ಷಿತ ಸಾಧನದಿಂದ ಇ-ಅಂಚೆ ಹಾಗೂ ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬದಲಾಯಿಸಬೇಕು. ಕಚೇರಿಯ ಕಂಪ್ಯೂಟರಾದರೆ ಸಂಬಂಧಿಸಿದ ಅಧಿಕಾರಿಗೆ ಕೂಡಲೇ ತಿಳಿಸಬೇಕು. ಸಂಕೋಚದಿಂದ ಮುಚ್ಚಿಟ್ಟರೆ ಹಾನಿ ಇಡೀ ಕಚೇರಿಗೆ ಹಬ್ಬುತ್ತದೆ. ಹಣ ಕಳೆದುಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ ಇಂತಹ ಸೋಂಕು ನಿವಾರಿಸುವ ಸಾಧನಗಳನ್ನು ಉಚಿತವಾಗಿ ಒದಗಿಸಲಾಗಿದೆ.

ಕಾನೂನು

‘ಐ ಲವ್ ಯು’ ಹರಡಿದಾಗ ಫಿಲಿಪ್ಪೀನ್ಸ್‌ನಲ್ಲಿ ತಕ್ಕ ಕಾನೂನು ಇರಲಿಲ್ಲ. ಆರೋಪಿಯ ಮೇಲಿನ ಮೊಕದ್ದಮೆ ಬಿದ್ದುಹೋಯಿತು. ಕಾನೂನು ಬಂದುದು ಮರುತಿಂಗಳು. ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಅಧಿನಿಯಮವು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ಅದರ 43ನೆಯ ಪ್ರಕರಣದಂತೆ ಅನುಮತಿಯಿಲ್ಲದೆ ಪರರ ಕಂಪ್ಯೂಟರಿಗೆ ವೈರಸ್ ಸೇರಿಸಿದವರು ಪರಿಹಾರ ತೆರಬೇಕು. ಅಪ್ರಾಮಾಣಿಕವಾಗಿ ಇಲ್ಲವೆ ವಂಚನೆಯಿಂದ ಹಾಗೆ ಮಾಡಿದವರಿಗೆ 66ನೆಯ ಪ್ರಕರಣದಂತೆ 3 ವರ್ಷಗಳವರೆಗಿನ ಕಾರಾವಾಸ, 5 ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು.

ಆದರೆ ಶಿಕ್ಷೆಯಿಂದ ಅಳಿದ ಫೈಲು ಮರಳುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ, ಲಗತ್ತನ್ನು ತೆರೆಯುವ ಮುನ್ನ ಒಂದು ಕ್ಷಣ ತಡೆದು ವಿಚಾರಿಸುವುದು ಲೇಸು.