ಕಥೆ ತನ್ನಿ, ಕಥೆ ಒಯ್ಯಿರಿ: ಹಾವೇರಿ ಸೀಮೆಯ ಶಾಲೆಗಳಿಗೆ ಬರುವ ವಿದ್ಯಾರ್ಥಿ ತಂಡಗಳಿಗೆ

ಹೊರದೇಶದಲ್ಲಿ ಓದುತ್ತಿರುವ ಕನ್ನಡದ ಮನೆಗಳ ಹುಡುಗ ಹುಡುಗಿಯರು ಸಹಪಾಠಿಗಳನ್ನು ಕಟ್ಟಿಕೊಂಡು, ರಜೆಯಲ್ಲಿ ನಮ್ಮ ಕಡೆಯ ಮಕ್ಕಳ ಜೊತೆ ಒಂದಿಷ್ಟು ದಿನ ಭಾಷೆಯ ಕೆಲಸ ಮಾಡಬೇಕು ಎಂದು ಕೇಳುವುದುಂಟು. ಎಲ್ಲಿಗೆ ಹೋಗೋಣ ಎಂಬ ಪ್ರಶ್ನೆಗೆ ನನ್ನ ಉತ್ತರ ಹಾವೇರಿ ಜಿಲ್ಲೆ. ಅದರಲ್ಲೂ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. 1997ರಲ್ಲಿ ಧಾರವಾಡದಿಂದ ಬೇರೆಯಾದ ಈ ಜಿಲ್ಲೆಗೆ ಹಂಪಿ, ಬಾದಾಮಿಗಳಂತೆ ಪ್ರವಾಸಿಗರ ದಂಡು ಬರುವುದಿಲ್ಲ. ಆದರೆ ಮಾತಿನ ಸಿರಿವಂತಿಕೆ ನೋಡಬೇಕೆಂದರೆ ಇಷ್ಟು ಹತ್ತಿರ ಹತ್ತಿರ ಇಷ್ಟೊಂದು ಸಿಗುವ ಜಾಗ ಕಡಿಮೆ. ಕನಕದಾಸರ ಬಾಡ, ಶರೀಫರ ಶಿಶುನಾಳ, ಸರ್ವಜ್ಞನ ಹೆಸರಿನ ಜೊತೆ ಬೆಸೆದುಕೊಂಡ ಅಬಲೂರು, ವಿ.ಕೃ. ಗೋಕಾಕರು ಹುಟ್ಟಿದ ಸವಣೂರು, ಎಲ್ಲವೂ ಈ ನಾಲ್ಕು ತಾಲ್ಲೂಕುಗಳ ಒಳಗೇ ಇವೆ.

ಹೊರಡುವ ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಇಂಗ್ಲಿಷ್ ಕಲಿಸಿಬಿಡುತ್ತೇವೆ ಎಂದು ಬರಬೇಡಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಇದೆ; ಪುಸ್ತಕವಿದೆ, ಮೇಷ್ಟ್ರಿದ್ದಾರೆ. ಎರಡು ವಾರ ಬಂದುಹೋಗುವವರು ಅದಕ್ಕೆ ಕೂಡಿಸುವುದು ಬಹಳ ಕಡಿಮೆ. ಮಕ್ಕಳಿಗೆ ಸಿಗದೇ ಇರುವುದು ತಾವು ಹೇಳುವುದನ್ನು ಕುಳಿತು ಕೇಳುವ ದೊಡ್ಡವರು, ಮತ್ತು ಪಠ್ಯದ ಹೊರಗಿನ ಕಥೆಪುಸ್ತಕ. ಇವೆರಡನ್ನೂ ಒದಗಿಸುವ ಶಕ್ತಿ ವಿದ್ಯಾರ್ಥಿ ತಂಡಕ್ಕೆ ಚೆನ್ನಾಗಿಯೇ ಇರುತ್ತದೆ.

ಕಾಗದಪತ್ರ

ವಿದೇಶಿ ಪಾಸ್‌ಪೋರ್ಟ್ ಇರುವವರು ವೀಸಾ ವಿಷಯದಲ್ಲಿ ಉಡಾಫೆ ಮಾಡಬಾರದು. ಭಾರತದ ಇ-ಟೂರಿಸ್ಟ್ ವೀಸಾದಲ್ಲಿ ಹಣದ ಪ್ರತಿಫಲವಿಲ್ಲದ ಅಲ್ಪಾವಧಿಯ ಸ್ವಯಂಸೇವೆಗೆ ಹೆಚ್ಚೆಂದರೆ ಒಂದು ತಿಂಗಳ ಅವಕಾಶವಿದೆ. ಅರ್ಜಿ ಹಾಕುವಾಗಲೇ ಉದ್ದೇಶದ ಜಾಗದಲ್ಲಿ ಅದನ್ನೇ ಆರಿಸಿ. ಬರೀ ತಿರುಗಾಟ ಎಂದು ಬರೆದು ಶಾಲೆಯಲ್ಲಿ ಕೆಲಸಕ್ಕೆ ನಿಲ್ಲಬೇಡಿ. ಲಾಡ್ಜಾಗಲಿ, ಸಂಬಂಧಿಕರ ಮನೆಯಾಗಲಿ, ವಿದೇಶಿಯರನ್ನು ಇಳಿಸಿಕೊಂಡವರು 24 ತಾಸಿನೊಳಗೆ ಅವರ ವಿವರದ ನಮೂನೆ ಸಲ್ಲಿಸಬೇಕು. ಸಣ್ಣ ಊರಿನ ಲಾಡ್ಜುಗಳಿಗೆ ಇದರ ರೂಢಿ ಕಡಿಮೆ. ಕೋಣೆ ಕಾದಿರಿಸುವಾಗಲೇ ಕೇಳಿಕೊಂಡರೆ ರಾತ್ರಿ ಹತ್ತು ಗಂಟೆಗೆ ಬ್ಯಾಗು ಹೊತ್ತು ಬೀದಿಯಲ್ಲಿ ನಿಲ್ಲುವುದು ತಪ್ಪುತ್ತದೆ. ಹಾವೇರಿ ಪಟ್ಟಣದಲ್ಲಿ ಇಳಿದುಕೊಂಡು ದಿನವೂ ಓಡಾಡುವುದು ಸುಲಭ, ಹಿರೇಕೆರೂರಿಗೆ ಮಾತ್ರ ಸ್ವಲ್ಪ ದೂರವಾಗುತ್ತದೆ.

ಶಾಲೆಯ ಬಾಗಿಲು ತೆರೆಯುವುದು ಪರಿಚಯದಿಂದಲ್ಲ, ಪತ್ರದಿಂದ. ಆಯಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಹಾವೇರಿಯ ಶಾಲಾ ಶಿಕ್ಷಣ ಉಪನಿರ್ದೇಶಕರ ಕಚೇರಿಗೆ ಎರಡು ತಿಂಗಳು ಮೊದಲೇ ಬರೆಯಿರಿ. ಯಾರು ಬರುತ್ತಿದ್ದೀರಿ, ಎಷ್ಟು ದಿನ, ಯಾವ ತರಗತಿ, ಏನು ಮಾಡುತ್ತೀರಿ, ಎಲ್ಲವೂ ಒಂದೇ ಪುಟದಲ್ಲಿ, ಕನ್ನಡದಲ್ಲಿ ಇರಲಿ. ಅನುಮತಿ ಸಿಕ್ಕ ಮೇಲೆ ಮುಖ್ಯೋಪಾಧ್ಯಾಯರ ಜೊತೆಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರನ್ನೂ ಕಾಣಿರಿ. ಅವರು ಊರಿನ ಪಾಲಕರೇ ಆಗಿರುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಊರಿಗೇ ಒಪ್ಪಿಗೆಯಾದಂತೆ.

ಹಣದ ದಾನಕ್ಕೆ ಕೈ ಹಾಕಬೇಡಿ. ಹೊರದೇಶದ ದುಡ್ಡನ್ನು ಇಲ್ಲಿನ ಸಂಘ ಸಂಸ್ಥೆ ಪಡೆಯಬೇಕಾದರೆ 2010ರ ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಣಿ ಬೇಕು. ಪ್ರೀತಿಯಿಂದ ಕೊಟ್ಟ ಲಕೋಟೆ ಮೇಷ್ಟ್ರಿಗೆ ತೊಂದರೆ ತರಬಹುದು.

ಹಾನಗಲ್ಲಿನಿಂದ ಮುಂಡಗೋಡ ಹತ್ತಿರ. 1966ರಲ್ಲಿ ಶುರುವಾದ ಅಲ್ಲಿನ ಟಿಬೆಟನ್ ನೆಲೆಯ ಶಾಲೆಗಳನ್ನೂ ನೋಡೋಣ ಎಂದು ತಂಡಕ್ಕೆ ಅನ್ನಿಸುವುದು ಸಹಜ. ಆದರೆ ಆ ಕ್ಯಾಂಪುಗಳಲ್ಲಿ ಉಳಿಯಲು ವಿದೇಶಿಯರಿಗೆ ಗೃಹ ಸಚಿವಾಲಯದ ಪ್ರತ್ಯೇಕ ಪರವಾನಗಿ ಬೇಕು, ಅದು ಬರಲು ವಾರಗಟ್ಟಲೆ ಹಿಡಿಯುತ್ತದೆ. ಅದನ್ನು ನಿಮ್ಮ ಊರಿನಲ್ಲಿದ್ದಾಗಲೇ ಮಾಡಿಸಿಕೊಂಡಿರಬೇಕು.

ಯಾವಾಗ, ಹೇಗೆ

ಶಾಲೆ ಜೂನ್‌ಗೆ ಶುರು, ಏಪ್ರಿಲ್ ಎರಡನೇ ವಾರಕ್ಕೆ ಮುಗಿತಾಯ. ಜೂನ್, ಜುಲೈನಲ್ಲಿ ಹಾನಗಲ್ ಕಡೆ ಮಳೆ ಜೋರು, ಅದು ಅರೆಮಲೆನಾಡು. ಶ್ರಾವಣದ ನಾಗರಪಂಚಮಿಗೆ ಮನೆಮನೆಯಲ್ಲಿ ಜೋಕಾಲಿ ಕಟ್ಟುತ್ತಾರೆ, ಉಂಡಿ ಕಟ್ಟುತ್ತಾರೆ, ತರಗತಿ ಅರ್ಧ ಖಾಲಿ. ದಸರೆಗೆ ಮಧ್ಯಂತರ ರಜೆ. ಫೆಬ್ರುವರಿ ಬಂತೆಂದರೆ ಎಲ್ಲರಿಗೂ ಪರೀಕ್ಷೆಯ ಧಾವಂತ. ಹಾಗಾಗಿ ನವೆಂಬರ್‌ನಿಂದ ಜನವರಿಯವರೆಗೆ ಬರುವುದು ಒಳ್ಳೆಯದು. ನವೆಂಬರ್ ಇನ್ನೂ ಚೆಂದ: ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ಕನಕ ಜಯಂತಿ ಸಾಲಾಗಿ ಬರುತ್ತವೆ. ಗ್ರಾಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆಗಳೂ ಆಗಲೇ ಶುರುವಾಗುತ್ತವೆ. ಒಂದನ್ನಾದರೂ ತಪ್ಪಿಸಬೇಡಿ. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ ಎಂದು ಆರನೇ ತರಗತಿಯ ಹುಡುಗಿ ಎದ್ದುನಿಂತು ಪಂಚಾಯ್ತಿಯವರಿಗೆ ಹೇಳುವುದನ್ನು ಕೇಳಿದರೆ, ಭಾಷೆ ಕಲಿಸುವುದು ಯಾತಕ್ಕೆ ಎಂಬುದು ತಂಡಕ್ಕೆ ತಾನಾಗಿ ತಿಳಿಯುತ್ತದೆ.

ದೀಪಾವಳಿ ಆಸುಪಾಸಿನಿಂದ ಈ ಭಾಗದಲ್ಲಿ ಹೋರಿ ಬೆದರಿಸುವ ಹಬ್ಬಗಳು ನಡೆಯುತ್ತವೆ. ಕೊಬ್ಬರಿ ಹಾರ, ಬಲೂನು ಕಟ್ಟಿಕೊಂಡ ಹೋರಿ ಜನರ ನಡುವೆ ನುಗ್ಗುತ್ತದೆ. ಜೀವ ಹೋದ ಉದಾಹರಣೆಗಳಿವೆ. ಮಾಳಿಗೆಯ ಮೇಲಿಂದ ನೋಡಿ, ಅಖಾಡಕ್ಕೆ ಇಳಿಯುವ ಮಾತೇ ಬೇಡ.

ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲಿ ಹಾವೇರಿ ನಿಲ್ದಾಣವಿದೆ. ವಿಮಾನವೆಂದರೆ ಹುಬ್ಬಳ್ಳಿ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಕ್ಷಿಣಕ್ಕೆ ಬಂದರೆ ಮೊದಲು ಶಿಗ್ಗಾಂವಿ, ಆಮೇಲೆ ಬಂಕಾಪುರ, ಹಾವೇರಿ. ಸವಣೂರು ಹೆದ್ದಾರಿಯಿಂದ ಪೂರ್ವಕ್ಕೆ, ಹಾನಗಲ್ ಪಶ್ಚಿಮಕ್ಕೆ. ಹಿರೇಕೆರೂರು ದಕ್ಷಿಣದ ತುದಿ, ಶಿಕಾರಿಪುರಕ್ಕೆ ಅಂಟಿಕೊಂಡಂತೆ. ಹಾನಗಲ್ಲಿನಿಂದ ತಿಳವಳ್ಳಿ, ಚಿಕ್ಕೇರೂರ ದಾರಿ ಹಿಡಿದು ಹೋಗಬಹುದು. ವಾಯವ್ಯ ಸಾರಿಗೆಯ ಬಸ್ಸುಗಳು ಎಲ್ಲ ಕಡೆಗೂ ಇವೆ. ಬೆಳಿಗ್ಗೆ ಶಾಲೆ ಕಾಲೇಜಿನ ಹೊತ್ತಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪುಸ್ತಕದ ಪೆಟ್ಟಿಗೆ ಇದ್ದರೆ ಟೆಂಪೊ ಮಾಡಿಕೊಳ್ಳಿ. 2023ರ ಜೂನ್‌ನಿಂದ ಇರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ನಿವಾಸಿ ಮಹಿಳೆಯರಿಗೆ ಮಾತ್ರ. ನೀವು ಟಿಕೆಟ್ ತೆಗೆಸಬೇಕು.

ತರಗತಿಯ ಒಳಗೆ

ಒಂದರಿಂದ ಮೂರನೇ ತರಗತಿಯವರು ಸಾಮಾನ್ಯವಾಗಿ ನಲಿ-ಕಲಿ ಕೋಣೆಯಲ್ಲಿ ಒಟ್ಟಿಗೇ ಕೂರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಶುರು ಮಾಡಿದ ಈ ಪದ್ಧತಿ 2009–10ರ ಹೊತ್ತಿಗೆ ರಾಜ್ಯದ ಎಲ್ಲ ಕನ್ನಡ ಸರ್ಕಾರಿ ಶಾಲೆಗಳಿಗೂ ಬಂತು. ಒಳಗೆ ಹೋದವರು ಮೊದಲು ತಲೆ ಎತ್ತಿ ನೋಡಬೇಕು: ಗೋಡೆಯಿಂದ ಗೋಡೆಗೆ ಕಟ್ಟಿದ ದಾರಗಳ ಚಪ್ಪರ, ಅದರಲ್ಲಿ ಮಕ್ಕಳು ಬರೆದ, ಕತ್ತರಿಸಿದ, ಬಣ್ಣ ಹಚ್ಚಿದ ಹಾಳೆಗಳು ನೇತಾಡುತ್ತಿರುತ್ತವೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟುಕುವಷ್ಟು ಎತ್ತರಕ್ಕೆ ಕಪ್ಪು ಹಲಗೆ, ಪ್ರತಿ ಮಗುವಿಗೂ ತನ್ನದೇ ಒಂದು ಪಾಲು. ಒಂದು ಕಡೆ ಕಲಿಕಾ ಏಣಿ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ಟೀಚರಿಗೆ ಬಾಯಿಪಾಠ. ಈ ಕೋಣೆಗೆ ನೀವು ಹೊಸ ಪದ್ಧತಿ ತರಬೇಕಾಗಿಲ್ಲ. ಆ ಚಪ್ಪರಕ್ಕೆ ಮಕ್ಕಳ ಜೊತೆ ಕೂತು ಇನ್ನೊಂದು ಹಾಳೆ ಸೇರಿಸಿದರೆ ಸಾಕು.

ಮಕ್ಕಳ ಮನೆಮಾತು ಯಾವುದು ಎಂದು ಮೊದಲ ದಿನವೇ ತಿಳಿದುಕೊಳ್ಳಿ. ಸವಣೂರು ನವಾಬರ ಊರು. ಪೇಟೆಯಲ್ಲಿ ಉರ್ದು ಮಾತು ಹೆಚ್ಚು, ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ತಾಂಡಾಗಳ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ. ಅವರಿಗೆ ಶಾಲೆಯ ಕನ್ನಡವೇ ಎರಡನೆಯದು, ಇಂಗ್ಲಿಷ್ ಮೂರನೆಯದು. ಕನ್ನಡದ ಮನೆಯ ಮಗುವೂ ಆಡುವುದು ಈ ಕಡೆಯ ಕನ್ನಡ: ಹೌದ್ರಿ, ಬರ್ರಿ, ಹ್ಯಾಂಗದೀರಿ. ಅದನ್ನು ಯಾರೂ ತಿದ್ದಬಾರದು. ಅಮೆರಿಕದ ಕನ್ನಡ ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತು ಬಂದ ನಿಮ್ಮ ತಂಡದ ಹುಡುಗಿಗೆ ಇಲ್ಲಿನ ಮಕ್ಕಳೇ ಗುರುಗಳಾಗಲಿ.

ಒಂದು ಪಾಠ ಹೀಗಿರಬಹುದು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ, ಯಾರು ದೊಡ್ಡವರು ಎಂದು. ರಾಮನ ತೀರ್ಪು ರಾಗಿಯ ಕಡೆಗೆ ಬೀಳುತ್ತದೆ. ಈ ಕಥೆಯನ್ನು ಶಿಕ್ಷಕರು ಹೇಳಲಿ. ಆಮೇಲೆ ಮಕ್ಕಳನ್ನು ಎರಡು ಗುಂಪು ಮಾಡಿ ಜಗಳ ಆಡಿಸಿ. ಹಾನಗಲ್ಲಿನಲ್ಲಿ ಮನೆಮನೆಗೂ ಭತ್ತದ ಗದ್ದೆ, ಹಿರೇಕೆರೂರಲ್ಲಿ ಗೋವಿನಜೋಳ, ಸವಣೂರಲ್ಲಿ ಜೋಳ, ಶೇಂಗಾ, ವೀಳ್ಯದೆಲೆ. ಮಕ್ಕಳು ಅಪ್ಪನ ಹೊಲದ ಬೆಳೆಯ ಪರವಾಗಿ ವಾದ ಮಾಡುವಾಗ ಮಾತು ಹುಡುಕಿಕೊಂಡು ಬರುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ದೇಶದ ಬೆಳೆಯೊಂದನ್ನು ನೀವೂ ಜಗಳಕ್ಕೆ ಇಳಿಸಿ. ಅವರು ಆಡಿದ್ದನ್ನು ಆಡಿದ ಹಾಗೆಯೇ ಬರೆದುಕೊಂಡು, ಚಿತ್ರ ಮಕ್ಕಳಿಂದಲೇ ಬರೆಸಿ, ಹೊಲಿದು ಪುಸ್ತಕ ಮಾಡಿ. ಮರುದಿನ ಆ ಪುಸ್ತಕ ಓದುವಾಗ ಎರಡನೇ ತರಗತಿಯ ಮಗು ತನ್ನ ಮಾತಿನ ಮೇಲೆ ಬೆರಳಿಟ್ಟು ಪಕ್ಕದವನಿಗೆ ತೋರಿಸುತ್ತದೆ. ತಾಂಡಾದ ಮಕ್ಕಳಿದ್ದರೆ ಅದೇ ಪುಸ್ತಕದ ಎದುರು ಪುಟದಲ್ಲಿ ಕನ್ನಡ ಲಿಪಿಯಲ್ಲೇ ಲಂಬಾಣಿ ಬರಲಿ.

ಅಚ್ಚಾದ ಪುಸ್ತಕ ಬೇಕೆಂದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣವಿದೆ. 2015ರಿಂದ ಇರುವ ಈ ತಾಣದ ಕಥೆಗಳು ಮುಕ್ತ ಪರವಾನಗಿಯವು. ಕನ್ನಡದಲ್ಲಿ ಬೇಕಾದಷ್ಟಿವೆ, ಇಳಿಸಿಕೊಂಡು ಹುಬ್ಬಳ್ಳಿಯಲ್ಲಿ ಮುದ್ರಿಸಬಹುದು. ಹಳೆಯ ಇಂಗ್ಲಿಷ್ ಪುಸ್ತಕಗಳ ಮೂಟೆ ಮಾತ್ರ ವಿಮಾನದಲ್ಲಿ ಹೊತ್ತು ತರಬೇಡಿ. ಅವು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರುತ್ತವೆ. ಪ್ರತಿ ಗ್ರಾಮ ಪಂಚಾಯ್ತಿಯ ಗ್ರಂಥಾಲಯದ ಮೇಲ್ವಿಚಾರಕರನ್ನೂ ಪರಿಚಯ ಮಾಡಿಕೊಳ್ಳಿ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವವಿದೆ. ಸಂಜೆಯ ಓದು ಅಲ್ಲಿಯೇ ನಡೆಸಿದರೆ ನೀವು ಹೋದ ಮೇಲೂ ಮಕ್ಕಳಿಗೆ ಆ ದಾರಿ ಗೊತ್ತಿರುತ್ತದೆ.

ಕೆಲವು ಕಟ್ಟುನಿಟ್ಟು. ಶಾಲೆಯ ಶಿಕ್ಷಕರಿಲ್ಲದೆ ಯಾವ ಮಗುವಿನ ಜೊತೆಗೂ ತಂಡದವರು ಒಂಟಿಯಾಗಿರಬಾರದು. ಮಕ್ಕಳ ಮುಖ ಕಾಣುವ ಫೋಟೊ ಪಾಲಕರ ಒಪ್ಪಿಗೆಯಿಲ್ಲದೆ ತೆಗೆಯಬಾರದು, ಒಪ್ಪಿದರೂ ಜಾಲತಾಣಕ್ಕೆ ಹಾಕಬಾರದು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಆಂಬುಲೆನ್ಸ್‌ಗೆ 108 ಎಲ್ಲರ ಫೋನಿನಲ್ಲೂ ಇರಲಿ. ಮಧ್ಯಾಹ್ನ ಮಕ್ಕಳ ಸಾಲಿನಲ್ಲಿ ಕೂತು ಬಿಸಿಯೂಟ ಮಾಡಿ. ಚಾಕೊಲೇಟ್ ಹಂಚುವುದಕ್ಕಿಂತ ಅದೇ ಹೆಚ್ಚು ಹತ್ತಿರ ತರುತ್ತದೆ.

ಮಕ್ಕಳ ಜೊತೆ ನೋಡುವ ಜಾಗಗಳು

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಹೆದ್ದಾರಿಯ ಮಗ್ಗುಲಿಗೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. 2011ರಲ್ಲಿ ಆರಂಭವಾದ ಇದರ ವಿದ್ಯಾರ್ಥಿಗಳಲ್ಲಿ ಹಳ್ಳಿಯ ಮನೆಗಳಿಂದ ಬಂದವರು ಬಹಳ. ಒಗಟು, ಗಾದೆ, ಸೋಬಾನೆ ಅವರಿಗೆ ಅಜ್ಜಿಯ ಬಾಯಿಂದ ಬಂದದ್ದು. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು ಅವರನ್ನು ಜೊತೆಗೂಡಿಸಿಕೊಂಡರೆ ನಿಮ್ಮ ಕೆಲಸಕ್ಕೆ ಬೇರು ಸಿಗುತ್ತದೆ. ನನ್ನನ್ನು ಕೇಳಿದರೆ ಇಡೀ ಪ್ರವಾಸದ ಯೋಜನೆ ಇಲ್ಲಿಂದಲೇ ಶುರುವಾಗಬೇಕು. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಕೂಡ ಅದೇ ಊರಲ್ಲಿದೆ. ಹಳ್ಳಿಯ ಬದುಕಿನ ಆಳೆತ್ತರದ ಶಿಲ್ಪಗಳ ಮುಂದೆ ಮಕ್ಕಳಿಂದ ಸಂಭಾಷಣೆ ಕಟ್ಟಿಸಿ.

ಶಿಶುನಾಳ ಅದೇ ತಾಲ್ಲೂಕು. ಶರೀಫರು (1819–1889) ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಹಳ್ಳಿಶಾಲೆಯ ಮಾಸ್ತರರಾಗಿದ್ದವರು ಎಂಬುದು ಮಕ್ಕಳಿಗೆ ಹೇಳಲೇಬೇಕಾದ ಸಂಗತಿ. ಬಾಡದಲ್ಲಿ ಕನಕದಾಸರ ಸ್ಮಾರಕವಾಗಿ ಕಟ್ಟಿದ ಅರಮನೆ ಇದೆ. ರಾಮಧಾನ್ಯದ ಜಗಳವನ್ನು ಅಲ್ಲಿ ಆಡಿಸಿದರೆ ಇನ್ನೂ ಚೆನ್ನ.

ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ಕಲ್ಲಿನ ದೊಡ್ಡ ತಾವರೆ ಛಾವಣಿಯನ್ನು ಎಲ್ಲರೂ ನೋಡುತ್ತಾರೆ. ನೀವು ಆವರಣದ ವೀರಗಲ್ಲುಗಳ ಹತ್ತಿರ ಹೆಚ್ಚು ಹೊತ್ತು ನಿಲ್ಲಿ, ಹಳಗನ್ನಡದ ಲಿಪಿಯಲ್ಲಿ ಈಗಿನ ಅಕ್ಷರ ಹೋಲುವುದು ಯಾವುದು ಎಂದು ಮಕ್ಕಳು ಹುಡುಕಲಿ. ಹಿರೇಕೆರೂರಿಗೆ ಹೋದರೆ ಅಬಲೂರಿಗೆ ಹೋಗಿ. ಸರ್ವಜ್ಞನ ತ್ರಿಪದಿಗಳಲ್ಲಿ ಒಗಟುಗಳೂ ಇವೆ, ಊರ ಹಿರಿಯರು ಬಾಯಲ್ಲೇ ಹೇಳುತ್ತಾರೆ, ಉತ್ತರ ಹೊಳೆಯದಿದ್ದರೆ ಮಕ್ಕಳೇ ಸುಳಿವು ಕೊಡುತ್ತಾರೆ.

ಸವಣೂರಿನಲ್ಲಿ ದೊಡ್ಡಹುಣಸೆ ಮಠದ ಆಫ್ರಿಕಾ ಮೂಲದ ದೈತ್ಯ ಮರಗಳನ್ನು ನೋಡಿ. ಗೋಕಾಕರು 1909ರಲ್ಲಿ ಹುಟ್ಟಿದ್ದು ಈ ಊರಲ್ಲಿ, ಓದಿದ್ದು ಇಲ್ಲಿನ ಮಜೀದ್ ಹೈಸ್ಕೂಲಿನಲ್ಲಿ. ಆಕ್ಸ್‌ಫರ್ಡ್‌ಗೆ ಹೋದರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದ ಸಮಿತಿಯ ಅಧ್ಯಕ್ಷರೂ ಅವರೇ. ಎರಡು ಭಾಷೆಗಳನ್ನೂ ಪ್ರೀತಿಸಿದ ಹುಡುಗ ಇದೇ ಬೀದಿಯವನು ಎಂದು ಸವಣೂರಿನ ಮಕ್ಕಳಿಗೆ ಗೊತ್ತಾದರೆ ಅವರ ಬೆನ್ನು ನೆಟ್ಟಗಾಗುತ್ತದೆ. ಹೊರಡುವಾಗ ಸವಣೂರು ಖಾರ ಕಟ್ಟಿಸಿಕೊಳ್ಳಿ, ಗಿರ್ಮಿಟ್ ಅಲ್ಲೇ ತಿನ್ನಿ.

ಹೊರಡುವ ದಿನ

ಮಕ್ಕಳು ಮಾಡಿದ ಪುಸ್ತಕಗಳಲ್ಲಿ ಮೂಲಪ್ರತಿ ಶಾಲೆಗೆ, ನಕಲು ನಿಮಗೆ. ಇದು ತಿರುಗಾಮುರುಗಾ ಆಗಬಾರದು. ಮುಂದಿನ ವರ್ಷ ಬರುತ್ತೇವೆ ಎಂದು ಬಾಯಿಮಾತಿಗೂ ಹೇಳಬೇಡಿ, ಮಕ್ಕಳು ದಿನ ಎಣಿಸುತ್ತಾರೆ. ಅದರ ಬದಲು ಪತ್ರ ಬರೆಯುತ್ತೇವೆ ಎನ್ನಿ, ಮತ್ತು ಬರೆಯಿರಿ. ಒಂದೊಂದು ಮಗುವಿಗಲ್ಲ, ತರಗತಿಯ ಹೆಸರಿಗೆ, ಶಾಲೆಯ ವಿಳಾಸಕ್ಕೆ. ಹಾನಗಲ್ ಪಟ್ಟಣದ ಪಿನ್‌ಕೋಡ್ 581104, ಹಿರೇಕೆರೂರಿನದು 581111, ಸವಣೂರಿನದು 581118, ಶಿಗ್ಗಾಂವಿಯದು 581205. ಹಳ್ಳಿಗಳದ್ದು ಬೇರೆ ಇರಬಹುದು, ಹೊರಡುವ ಮೊದಲು ಮುಖ್ಯೋಪಾಧ್ಯಾಯರಿಂದ ಬರೆಸಿಕೊಳ್ಳಿ. ಅಂತರರಾಷ್ಟ್ರೀಯ ಅಂಚೆ ನಿಧಾನ. ಏಪ್ರಿಲ್ ರಜೆಗೆ ಮೊದಲು ತಲುಪಬೇಕೆಂದರೆ ಫೆಬ್ರುವರಿಯಲ್ಲೇ ಹಾಕಿ.