ಸಮುದ್ರದ ಬಾಣಂತಿ

ನಮ್ಮ ಕಡೆ ಈಜು ಅಂದರೆ ಬಾವಿ. ನಡಕ್ಕೆ ಬೆಂಡು ಕಟ್ಟಿಕೊಂಡು, ಕೈಕಾಲು ಬಡಿದು ಕಲಿತವರು ನಮ್ಮಲ್ಲೂ ಇದ್ದೇವೆ. ಇಂಡಿ, ಸಿಂದಗಿಯವರಿಗೆ ಭೀಮಾ ನದಿ ಗೊತ್ತು. ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿಗೆ ಕೃಷ್ಣಾ ನದಿ ಗೊತ್ತು. ಆಲಮಟ್ಟಿಯ ನೀರು ನೋಡಿ, "ಇದೇ ಸಮುದ್ರ ಬಿಡು" ಅನ್ನುವವರೂ ಇದ್ದಾರೆ.

ರಜೆಯಲ್ಲಿ ಗೋಕರ್ಣಕ್ಕೆ ಹೋಗಿ ಬಂದ ಅಕ್ಕ ಒಬ್ಬರು ಕೇಳಿದರು: "ತಿಮಿಂಗಿಲದ ಜೋಡಿ ಮಂದಿ ಈಜ್ತಾರಂತ. ಖರೇನ್ರಿ?"

ಖರೆ. ದೂರದ ಪೆಸಿಫಿಕ್ ಸಾಗರದಲ್ಲಿ ಟೋಂಗಾ ಎಂಬ ದೇಶವಿದೆ. ಅಲ್ಲಿ ಗೂನು ಬೆನ್ನಿನ ತಿಮಿಂಗಿಲದ ಜೋಡಿ ಈಜಲು ಜನ ಬರುತ್ತಾರೆ. ಆದರೆ ತಿಮಿಂಗಿಲ ಅಲ್ಲಿಗೆ ಯಾಕೆ ಬರುತ್ತದೆ? ಹೆರಿಗೆಗೆ!

ತಿಮಿಂಗಿಲ ಮೀನಲ್ಲ. ಮೊಟ್ಟೆ ಇಡುವುದಿಲ್ಲ. ನಮ್ಮಂತೆ ಹೆರುತ್ತದೆ, ಮರಿಗೆ ಹಾಲುಣಿಸುತ್ತದೆ, ಗಾಳಿ ಉಸಿರಾಡುತ್ತದೆ. ಬಸುರಿ ತಿಮಿಂಗಿಲ ದಕ್ಷಿಣದ ಹಿಮದ ಸಮುದ್ರದಲ್ಲಿ ಹೊಟ್ಟೆ ತುಂಬ ತಿನ್ನುತ್ತದೆ. ಆಮೇಲೆ ಸಾವಿರಾರು ಕಿಲೋಮೀಟರ್ ಈಜಿ, ಬೆಚ್ಚಗಿನ ನೀರಿಗೆ ಬರುತ್ತದೆ. ನಾವು ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತೇವಲ್ಲ, ಹಾಗೆ. ಆದರೆ ಈ ತವರಿನಲ್ಲಿ ಊಟ ಇಲ್ಲ. ಕೆಲವು ತಿಂಗಳು ತಾಯಿ ಹೆಚ್ಚುಕಡಿಮೆ ಉಪವಾಸ ಇರುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿಸಿ ಹಾಲು ಕೊಡುತ್ತದೆ. ಮರಿಯೋ ಹುಟ್ಟಿದಾಗಲೇ ಸುಮಾರು 14 ಅಡಿ! ಅದಕ್ಕೆ ಬಹಳ ಹೊತ್ತು ಉಸಿರು ಹಿಡಿಯಲು ಬರುವುದಿಲ್ಲ. ಕೆಲವೇ ನಿಮಿಷಕ್ಕೊಮ್ಮೆ ಮೇಲೆ ಬರಬೇಕು.

ಇಂಥ ಬಾಣಂತಿಯ ಸುತ್ತ ಮಂದಿ ಮುತ್ತಿದರೆ ಏನಾದೀತು? ತಾಯಿ ಹಾಲು ಕುಡಿಸುವುದು ಬಿಟ್ಟು ಮರಿಯನ್ನು ಕರೆದುಕೊಂಡು ಓಡುತ್ತದೆ. ಉಪವಾಸದ ಮೈ ದಣಿಯುತ್ತದೆ. ಅದಕ್ಕೇ ಟೋಂಗಾದಲ್ಲಿ ನಿಯಮ ಮಾಡಿದ್ದಾರೆ. ಒಮ್ಮೆಗೆ 4 ಜನ, ಅವರ ಜೋಡಿ ಒಬ್ಬ ಮಾರ್ಗದರ್ಶಿ. ಅಷ್ಟೇ ನೀರಿಗಿಳಿಯಬೇಕು. ನಮ್ಮನ್ನು ಕೇಳಿದರೆ, ಆ ನಾಲ್ವರೂ ದೋಣಿಯಲ್ಲೇ ಕೂತರೆ ಚಲೋ.

ನಮ್ಮ ಅರಬ್ಬಿ ಸಮುದ್ರದಲ್ಲೂ ಈ ತಿಮಿಂಗಿಲ ಇದೆ. ಬಹಳ ಕಡಿಮೆ ಉಳಿದಿವೆ. ಇವು ಹಿಮದ ಸಮುದ್ರಕ್ಕೆ ಹೋಗುವುದಿಲ್ಲ. ವರ್ಷವಿಡೀ ಇಲ್ಲೇ ಇರುತ್ತವೆ. 2017ರಲ್ಲಿ ಒಮಾನ್ ದೇಶದಲ್ಲಿ ಒಂದು ಹೆಣ್ಣು ತಿಮಿಂಗಿಲದ ಮೈಗೆ ಯಂತ್ರ ಹಚ್ಚಿ ಬಿಟ್ಟರು. ಅದು ಹೋದ ದಾರಿ ಉಪಗ್ರಹದಿಂದ ತಿಳಿಯಿತು. ಅದರ ಹೆಸರು ಲುಬಾನ್. ಅಂದರೆ ಧೂಪ. ನಾವು ಬಾಣಂತಿ ಕೋಣೆಯಲ್ಲಿ ಲೋಬಾನ ಹಾಕುತ್ತೇವಲ್ಲ, ಅದೇ ಶಬ್ದ! ಲುಬಾನ್ ಸಮುದ್ರ ದಾಟಿ ಗೋವಾದ ಹತ್ತಿರ ಬಂತು. ಅಲ್ಲಿಂದ ದಕ್ಷಿಣಕ್ಕೆ ಈಜಿತು.

ಕಾರವಾರ, ಗೋಕರ್ಣದ ಕಡೆ ನಮಗೆ ಕಾಣುವುದು ಡಾಲ್ಫಿನ್. ಅದೂ ತಿಮಿಂಗಿಲದ ಬಳಗವೇ. ಅದೂ ಹಾಲುಣಿಸುತ್ತದೆ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಇವನ್ನು ಹಿಡಿಯುವುದು, ಕೊಲ್ಲುವುದು ಅಪರಾಧ. ದೋಣಿಯವ ಬೆನ್ನಟ್ಟಲು ಹೊರಟರೆ, "ಬ್ಯಾಡಪ್ಪ, ಇಲ್ಲೇ ನಿಲ್ಲಸು" ಅನ್ನಬೇಕು.

ಇನ್ನು ನೀರಿಗಿಳಿಯುವ ಮಾತು. ಬಾವಿಯ ನೀರು ನಿಂತ ನೀರು. ಸಮುದ್ರದಲ್ಲಿ ಸೆಳವು ಇದೆ. ಮೇಲೆ ಶಾಂತ ಕಂಡರೂ ಒಳಕ್ಕೆ ಎಳೆಯುತ್ತದೆ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದ 4 ಶಾಲಾ ಬಾಲಕಿಯರು ಮುಳುಗಿ ಸತ್ತರು. ಕೆಂಪು ಬಾವುಟ ಇದ್ದಲ್ಲಿ ಇಳಿಯಬಾರದು. ಸೆಳವಿಗೆ ಸಿಕ್ಕರೆ ಎದುರು ಈಜಬಾರದು, ದಣಿವಾಗುತ್ತದೆ. ದಂಡೆಯ ಉದ್ದಕ್ಕೆ ಅಡ್ಡ ಈಜಬೇಕು. ಸೆಳವು ತಪ್ಪಿದ ಮೇಲೆ ದಂಡೆಗೆ ತಿರುಗಬೇಕು. ಕೈ ಎತ್ತಿ ಕೂಗಬೇಕು.

ಮಾತಾಡೋಣ, ಬರೆಯೋಣ:
ನಿಮ್ಮ ಊರಲ್ಲಿ ಬಾಣಂತಿಯನ್ನು ನೋಡಲು ಎಷ್ಟು ದಿನದ ಮೇಲೆ ಹೋಗುತ್ತಾರೆ?
ನೀವು ಈಜು ಕಲಿತದ್ದು ಎಲ್ಲಿ? ಕಲಿಸಿದವರು ಯಾರು?