ಅಯಸ್ಕಾಂತದ ಅತಿಸೂಕ್ಷ್ಮ ಕಣಗಳೂ ರೋಗಪರೀಕ್ಷೆಯೂ

ಪಣಂಬೂರಿನ ಕಡಲ ಕರೆಯಲ್ಲಿ ಅಲೆಗಳು ತಂದೊಡ್ಡುವ ಮರಳು ನಮ್ಮ ಕಾಟಿಪಳ್ಳದವರಿಗೆಲ್ಲ ಪರಿಚಿತವಾದುದು. ಆದರೆ ಅದೇ ಪಣಂಬೂರಿಗೆ ಬೆಟ್ಟದಿಂದ ಇನ್ನೊಂದು ಕರಿಯ ಪುಡಿಯೂ ಬರುತ್ತಿತ್ತು. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿಯು ಮ್ಯಾಗ್ನೆಟೈಟ್ ಎಂಬ ಅದಿರನ್ನು ಅರೆದು, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಹರಿಸುತ್ತಿತ್ತು. 2005ರ ಅಂತ್ಯದಲ್ಲಿ ಆ ಗಣಿಯ ಕೆಲಸವು ನಿಂತಿತು. ಅಯಸ್ಕಾಂತವು ಸೆಳೆಯುವ ಈ ವಸ್ತುವೇ ಇಂದು ರೋಗಪರೀಕ್ಷೆಯಲ್ಲಿ ವೈದ್ಯರಿಗೆ ಸಹಾಯವಾಗಿರುವುದು.

ಆದರೆ ಇಲ್ಲಿ ಬೇಕಾದುದು ಅರೆದ ಅದಿರಲ್ಲ. ಒಂದು ಮಿಲ್ಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಮೀಟರು ಎಂದು ಹೆಸರು. ಅಂಥ ಸುಮಾರು ಹತ್ತು ಪಾಲಿನಷ್ಟೇ ಅಗಲವಾದ ಕಣಗಳು ಬೇಕು. ಯಾಕಂದರೆ ದೊಡ್ಡ ಕಣಗಳು ಒಮ್ಮೆ ಅಯಸ್ಕಾಂತವಾದ ಮೇಲೆ ಒಂದನ್ನೊಂದು ಹಿಡಿದು ಗಂಟುಕಟ್ಟುತ್ತವೆ. ಅತಿಸೂಕ್ಷ್ಮ ಕಣಗಳಾದರೋ ಅಯಸ್ಕಾಂತವು ಹತ್ತಿರವಿದ್ದಾಗ ಮಾತ್ರ ಸೆಳೆಯಲ್ಪಟ್ಟು, ಅದನ್ನು ತೆಗೆದೊಡನೆ ಪುನಃ ದ್ರವದಲ್ಲಿ ಹರಡಿಕೊಳ್ಳುತ್ತವೆ.

ಇವುಗಳನ್ನು ಮಾಡುವ ಕ್ರಮ ಹೇಗಂದರೆ: ಗಾಳಿಯ ಆಮ್ಲಜನಕವನ್ನು ಹೊರಡಿಸಿದ ನೀರಿನಲ್ಲಿ ಫೆರಸ್ ಕ್ಲೋರೈಡ್ ಮತ್ತು ಫೆರಿಕ್ ಕ್ಲೋರೈಡ್ ಎಂಬ ಎರಡು ಲವಣಗಳನ್ನು ಕರಗಿಸತಕ್ಕದ್ದು. ಕಬ್ಬಿಣದ ಪರಮಾಣುಗಳ ಲೆಕ್ಕದಲ್ಲಿ ಮೊದಲನೆಯದು ಒಂದು ಪಾಲು, ಎರಡನೆಯದು ಎರಡು ಪಾಲು. ಚೆನ್ನಾಗಿ ಕಲಕುತ್ತಾ ಅಮೋನಿಯಾ ದ್ರಾವಣವನ್ನು ಸೇರಿಸಿದರೆ ಕರಿಯ ಗಷ್ಟು ಉಂಟಾಗುತ್ತದೆ. ಅದೇ ಮ್ಯಾಗ್ನೆಟೈಟ್. ಗಾಳಿಯು ಸೇರಿದರೆ ಕಪ್ಪು ಕಂದಾಗುತ್ತದೆ; ಆದುದರಿಂದ ಪಾತ್ರೆಯೊಳಗೆ ಸಾರಜನಕವನ್ನು ಹರಿಸುವರು. ಬಳಿಕ ಅಯಸ್ಕಾಂತದಿಂದ ಗಷ್ಟನ್ನು ತಳದಲ್ಲಿ ಹಿಡಿದು, ಮೇಲಿನ ನೀರನ್ನು ಚೆಲ್ಲಿ, ಹಲವು ಸಾರಿ ತೊಳೆಯುವರು. ಈ ತರದ ಕಣಗಳು ನೀರಿನಲ್ಲಿ ತಂಗದೆ ತೇಲಿಕೊಂಡಿರುವಂತೆ ಮಾಡುವ ವಿಧಾನವನ್ನು ಫ್ರಾನ್ಸಿನ ರೆನೆ ಮಸ್ಸಾರ್ ಎಂಬವರು 1981ರಲ್ಲಿ ಪ್ರಕಟಿಸಿದರು.

ಇನ್ನು ಪರೀಕ್ಷೆಯ ವಿಷಯ. ಕಣಗಳಿಗೆ ಸಿಲಿಕಾದ ತೆಳುವಾದ ಹೊದಿಕೆಯನ್ನು ಕೊಡುತ್ತಾರೆ. ರೋಗಿಯ ಗಂಟಲಿನ ದ್ರವವನ್ನು ತಕ್ಕ ಲವಣಗಳ ತೀಕ್ಷ್ಣ ದ್ರಾವಣದಲ್ಲಿ ಬೆರಸಿದಾಗ ರೋಗಾಣುವಿನ ಬೀಜಾಮ್ಲವು ಆ ಹೊದಿಕೆಗೆ ಅಂಟುತ್ತದೆ. ಅಯಸ್ಕಾಂತದಿಂದ ಕಣಗಳನ್ನು ಹಿಡಿದು, ಮದ್ಯಸಾರದಿಂದ ಕಲ್ಮಷವನ್ನು ತೊಳೆದು, ಕೊನೆಗೆ ಶುದ್ಧ ನೀರನ್ನು ಹಾಕಿದರೆ ಬೀಜಾಮ್ಲವು ಕಳಚಿಕೊಳ್ಳುತ್ತದೆ. 2020ರ ಕೊರೋನಾ ಕಾಲದಲ್ಲಿ ಅನೇಕ ಪರೀಕ್ಷಾಲಯಗಳು ಈ ಕ್ರಮವನ್ನು ಅನುಸರಿಸಿದವು.

ಇಲ್ಲಿ ಅಜಾಗ್ರತೆಗೆ ಎಡೆಯಿಲ್ಲ. ತೊಳೆಯುವುದು ಕಡಿಮೆಯಾಗಿ ಲವಣವೋ ಮದ್ಯಸಾರವೋ ಉಳಿದರೆ, ಮುಂದಿನ ಪರೀಕ್ಷೆಯು ಕೆಟ್ಟು, ಇರುವ ರೋಗವು ಇಲ್ಲವೆಂದು ಕಾಣಬಹುದು. ಆಗ ರೋಗಿಯಾದ ತಾಯಿಯೊಬ್ಬಳು ಔಷಧವಿಲ್ಲದೆ ಮಕ್ಕಳ ಬಳಿಗೆ ಹಿಂದಿರುಗುವಳು.

ತಂದೆತಾಯಿಗಳೇ, ಅಳತೆಯಲ್ಲಿ ನಿಷ್ಠೆ, ಕೈಯಲ್ಲಿ ಶುಚಿ, ಕೆಲಸದಲ್ಲಿ ತಾಳ್ಮೆ ಇವೇ ಈ ವಿದ್ಯೆಗೆ ಬೇಕಾದ ಗುಣಗಳು. ನಿಮ್ಮ ಹೆಣ್ಣುಮಕ್ಕಳಲ್ಲಿ ಇವು ಉಂಟು. 1960ರಲ್ಲಿ ಆರಂಭವಾದ ಸುರತ್ಕಲ್ಲಿನ ಇಂಜಿನಿಯರಿಂಗ್ ವಿದ್ಯಾಲಯವು ನಮ್ಮ ಸಮೀಪದಲ್ಲೇ ಇದೆ. ಹತ್ತನೆಯ ತರಗತಿಗೆ ಅವರ ಓದನ್ನು ನಿಲ್ಲಿಸದೆ ವಿಜ್ಞಾನಕ್ಕೆ ಕಳುಹಿಸಿರಿ. ದೇವರು ಕೊಟ್ಟ ಬುದ್ಧಿಯನ್ನು ರೋಗಿಗಳ ಸೇವೆಗೆ ಉಪಯೋಗಿಸುವುದು ಆತನಿಗೆ ಮೆಚ್ಚಿಕೆಯಾದ ಕೆಲಸವೇ ಸರಿ.